ನಮ್ಮ ಜಾಗದಲ್ಲಿ ಯಾರದೋ ಗಾಡಿ

ಸೊಲ್ಲಾಪುರ ಪೇಠಗಳ ಊರು. 1877ರಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾದ ಮೇಲೆ ಕನ್ನಡ, ತೆಲುಗು, ಮರಾಠಿ, ಉರ್ದು ಮಾತಾಡುವ ಜನ ಸುತ್ತಲಿನ ಊರುಗಳಿಂದ ಬಂದು ನೆಲೆಸಿದರು. ಚಾಳಿನ ಒಂದು ಖೋಲಿಯಲ್ಲಿ ಸಂಸಾರ, ಹೊರಗೆ ಗೋಡೆಗೆ ಒರಗಿಸಿದ ಒಂದು ಸೈಕಲ್ಲು. ಗಾಡಿ ನಿಲ್ಲಿಸಲು ಜಾಗ ಬೇಕೆಂಬ ಯೋಚನೆಯೇ ಯಾರಿಗೂ ಇರಲಿಲ್ಲ. 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ ಒಂಬತ್ತೂವರೆ ಲಕ್ಷ ದಾಟಿತ್ತು. ಇಂದು ವಿಜಾಪುರ ರಸ್ತೆ, ಹೋಟಗಿ ರಸ್ತೆ, ಜುಳೆ ಸೊಲ್ಲಾಪುರದ ಕಡೆ ಹೋದರೆ ಅಪಾರ್ಟ್‌ಮೆಂಟುಗಳ ಸಾಲೇ ಕಾಣುತ್ತದೆ. ಮನೆಗೊಂದು ಕಾರು, ಮಕ್ಕಳಿಗೊಂದು ಸ್ಕೂಟರು. ಕೆಳಗಿನ ಜಾಗ ಮಾತ್ರ ಕಟ್ಟಿದಾಗ ಎಷ್ಟಿತ್ತೋ ಅಷ್ಟೇ ಇದೆ.

ಹೀಗಾಗಿ ಇಂದಿನ ಅಪಾರ್ಟ್‌ಮೆಂಟುಗಳಲ್ಲಿ ನೀರಿನ ಜಗಳದಷ್ಟೇ ದೊಡ್ಡ ಜಗಳ ಗಾಡಿ ನಿಲ್ಲಿಸುವ ಜಗಳ. ವರ್ಷಗಟ್ಟಲೆ ಹಬ್ಬಕ್ಕೆ ಸಿಹಿ ಹಂಚಿಕೊಂಡ ಎರಡು ಮನೆಗಳು ಒಂದು ರಾತ್ರಿಯ ಕಾರಿನ ವಿಷಯಕ್ಕೆ ಮಾತು ಬಿಡುವುದುಂಟು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಮೊಮ್ಮಗಳ ದೀಕ್ಷಾಸ್ನಾನಕ್ಕೆಂದು ಅಕ್ಕಲಕೋಟದ ಅಜ್ಜ ಅಜ್ಜಿ ಶನಿವಾರ ಸಾಯಂಕಾಲವೇ ಕಾರು ಹತ್ತುತ್ತಾರೆ. ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್ ದಾರಿ. ಮಗಳ ಮನೆಯ ಜಾಗದಲ್ಲಿ ಅಳಿಯನ ಕಾರು ನಿಂತಿದೆ, ಪಕ್ಕದ ಜಾಗ ಖಾಲಿ. "ಇಲ್ಲೇ ಹಚ್ಚಲೇನಪಾ?" ಎಂದು ಅಜ್ಜ ವಾಚ್‌ಮನ್‌ನನ್ನು ಕೇಳುತ್ತಾರೆ. "ಹಚ್ರಿ ಕಾಕಾ, ಆ ಸಾಹೇಬ್ರು ಊರಾಗಿಲ್ಲ" ಎನ್ನುತ್ತಾನೆ ಅವನು. ರಾತ್ರಿ ಹನ್ನೊಂದಕ್ಕೆ ಆ ಸಾಹೇಬರು ಪ್ರಯಾಣ ಮುಗಿಸಿ ಬರುತ್ತಾರೆ. ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಗು, ಪಕ್ಕದಲ್ಲಿ ಸುಸ್ತಾದ ಹೆಂಡತಿ, ತಮ್ಮ ಜಾಗದಲ್ಲಿ ಗುರುತಿಲ್ಲದ ಕಾರು. ವಾಚ್‌ಮನ್ ಪಾಳಿ ಬದಲಾಗಿದೆ. ಕಾರಿನ ಗಾಜಿನ ಮೇಲೆ ಫೋನ್ ನಂಬರೂ ಇಲ್ಲ. "ಕ್ರೇನ್ ತರಸ್ರಿ, ಎತ್ತಿಸಿ ಬಿಡೂಣು" ಎಂದು ಅವರು ರೇಗುತ್ತಾರೆ.

ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಆದರೂ ಬೆಳಗಾಗುವುದರೊಳಗೆ ಒಂದು ಕುಟುಂಬದ ಶುಭಕಾರ್ಯ ಕೆಡಬಹುದು, ಇನ್ನೊಂದು ಕುಟುಂಬ ಪೊಲೀಸ್ ಠಾಣೆ ಮೆಟ್ಟಿಲು ಹತ್ತಬಹುದು. ಹೀಗಾಗಿ ಕೇಳಿ ತಿಳಿಯಬೇಕಾದ ಪ್ರಶ್ನೆ ಒಂದಿದೆ. ಬೇರೆಯವರ ಕಾರನ್ನು ಎತ್ತಿಸುವ ಅಧಿಕಾರ ನಿಜವಾಗಿ ಯಾರಿಗಿದೆ?

ಕಾನೂನು ಏನು ಹೇಳುತ್ತದೆ?

ಇದಕ್ಕೆ ಉತ್ತರ 1988ರ ಮೋಟಾರು ವಾಹನ ಕಾಯಿದೆಯ 127ನೆಯ ಕಲಮಿನಲ್ಲಿದೆ. ಸಾರ್ವಜನಿಕ ಸ್ಥಳದಲ್ಲಿ ಒಂದು ವಾಹನವನ್ನು ಹತ್ತು ಗಂಟೆ ಅಥವಾ ಹೆಚ್ಚು ಹೊತ್ತು ಯಾರೂ ನೋಡಿಕೊಳ್ಳದೆ ಬಿಟ್ಟುಹೋಗಿದ್ದರೆ, ಅಥವಾ ಗಾಡಿ ನಿಲ್ಲಿಸಬಾರದೆಂದು ಕಾನೂನು ನಿಷೇಧಿಸಿದ ಜಾಗದಲ್ಲಿ ನಿಲ್ಲಿಸಿದ್ದರೆ, ಅದನ್ನು ಎತ್ತಿಸಲು ಇಲ್ಲವೇ ಚಕ್ರಕ್ಕೆ ಬೀಗ ಹಾಕಿಸಲು ಆ ಪ್ರದೇಶದ ಅಧಿಕಾರವುಳ್ಳ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಆದೇಶ ಕೊಡಬಹುದು. ಗಾಡಿ ನಿಂತ ರೀತಿಯಿಂದ ಸಂಚಾರಕ್ಕೆ ಅಪಾಯವಿದ್ದರೆ ಹತ್ತು ಗಂಟೆ ಕಾಯಬೇಕಾಗಿಲ್ಲ, ತಕ್ಷಣವೇ ತೆಗೆಸಬಹುದು. ಎತ್ತಿ ಒಯ್ದ ಖರ್ಚೆಲ್ಲ ಮಾಲೀಕನದು. ದಂಡ ಬೇರೆ. 2019ರ ತಿದ್ದುಪಡಿಯ ನಂತರ ಇದೇ ಕಾಯಿದೆಯ 177ನೆಯ ಕಲಂ ಪ್ರಕಾರ ಸಾಮಾನ್ಯ ತಪ್ಪಿಗೆ ಮೊದಲ ಸಲ 500 ರೂಪಾಯಿ ತನಕ, ಮತ್ತೆ ಮಾಡಿದರೆ 1,500 ರೂಪಾಯಿ ತನಕ ದಂಡ ವಿಧಿಸಬಹುದು.

ಈ ಕಲಮಿನಲ್ಲಿ ಎರಡು ಮಾತುಗಳನ್ನು ಗಮನಿಸಬೇಕು. ಒಂದು, 'ಸಾರ್ವಜನಿಕ ಸ್ಥಳ'. ಇನ್ನೊಂದು, 'ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ'. ಸೊಸಾಯಟಿಯ ಚೇರ್ಮನ್, ಸೆಕ್ರೆಟರಿ, ವಾಚ್‌ಮನ್, ಜಾಗದ ಹಕ್ಕುದಾರ ಇವರಾರ ಹೆಸರೂ ಅಲ್ಲಿ ಇಲ್ಲ. ಚಕ್ರಕ್ಕೆ ಬೀಗ ಹಾಕುವ ಅಧಿಕಾರವನ್ನೂ ಆ ಕಲಂ ಅವರಿಗೆ ಕೊಟ್ಟಿಲ್ಲ.

ಗೇಟಿನ ಒಳಗೆ

ಸಾರ್ವಜನಿಕ ಸ್ಥಳವೆಂದರೆ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ರಸ್ತೆ, ಬೀದಿ, ದಾರಿ ಅಥವಾ ಬೇರೆ ಜಾಗ ಎಂದು ಅದೇ ಕಾಯಿದೆ ಹೇಳುತ್ತದೆ. ಗೋಡೆ, ಗೇಟು, ವಾಚ್‌ಮನ್ ಇರುವ ಅಪಾರ್ಟ್‌ಮೆಂಟಿನ ಒಳಗಿನ ಜಾಗ ಸಾಮಾನ್ಯ ತಿಳಿವಳಿಕೆಯಲ್ಲಿ ಖಾಸಗಿ. ಇಲ್ಲಿ ಒಂದು ತೊಡಕೂ ಇದೆ. ಅಪಘಾತ ಪರಿಹಾರದ ಮೊಕದ್ದಮೆಯೊಂದರಲ್ಲಿ 1988ರಲ್ಲಿ ಮುಂಬಯಿ ಹೈಕೋರ್ಟಿನ ಪೂರ್ಣಪೀಠ, ಜನರು ಅನುಮತಿ ಪಡೆದು ಬಂದು ಹೋಗುವ ಖಾಸಗಿ ಜಾಗವೂ ಸಾರ್ವಜನಿಕ ಸ್ಥಳವಾಗಬಹುದು ಎಂದು ಹೇಳಿದೆ. ಅದು ಗಾಯಗೊಂಡವರಿಗೆ ವಿಮೆಯ ಪರಿಹಾರ ಸಿಗಲೆಂದು ಬಂದ ತೀರ್ಪು. ಅದನ್ನು ಕೈಯಲ್ಲಿ ಹಿಡಿದು ಸೊಸಾಯಟಿ ತಾನೇ ಕ್ರೇನ್ ಕರೆಸಲು ಆಗದು. ಸಾರ್ವಜನಿಕ ಸ್ಥಳವೇ ಎಂದು ಒಪ್ಪಿಕೊಂಡರೂ ಆದೇಶ ಕೊಡಬೇಕಾದವರು ಪೊಲೀಸರೇ.

"ನಮ್ಮ ಜಾಗ, ನಾವು ಎತ್ತಿಸಿದರೆ ತಪ್ಪೇನು?" ಎಂದು ಕೆಲವರು ಕೇಳಬಹುದು. ಗಾಡಿ ನಿಂತ ನೆಲದ ಮೇಲೆ ನಿಮಗೆ ಹಕ್ಕಿರಬಹುದು, ಗಾಡಿಯ ಮೇಲೆ ಇಲ್ಲ. ಅಜ್ಜ ಗೇರ್ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ಹಾಕಿ ಮಲಗಿದ್ದಾರೆ. ಹಾಗೆ ನಿಂತ ಕಾರನ್ನು ಸರಪಳಿ ಕಟ್ಟಿ ಎಳೆದರೆ ಟೈರು, ಬ್ರೇಕು, ಗೇರ್‌ಬಾಕ್ಸು ಕೆಡುತ್ತವೆ. ಆಟೋಮ್ಯಾಟಿಕ್ ಗೇರಿನ ಕಾರು, ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಕಾರು, ವಿದ್ಯುತ್ ಕಾರು ಇವನ್ನಂತೂ ನಾಲ್ಕು ಚಕ್ರಗಳೂ ನೆಲ ಬಿಟ್ಟು ಮೇಲಿರುವಂತೆ ಚಪ್ಪಟೆ ಹಲಗೆಯ ಗಾಡಿಯ ಮೇಲೆ ಹೇರಿಯೇ ಒಯ್ಯಬೇಕು. ಹಾನಿಯಾದರೆ ಎಳೆಸಿದವರೇ ಉತ್ತರ ಕೊಡಬೇಕಾಗುತ್ತದೆ. ಸಿಟ್ಟಿನಲ್ಲಿ ಗಾಳಿ ತೆಗೆಯುವುದು, ಬಣ್ಣ ಕೆರೆಯುವುದು, ಗಾಜು ಒಡೆಯುವುದು ಇವಂತೂ ಬೇಡವೇ ಬೇಡ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 324ನೆಯ ಕಲಂ ಇತರರ ಸ್ವತ್ತಿಗೆ ಬೇಕೆಂದೇ ಹಾನಿ ಮಾಡುವುದನ್ನು ಅಪರಾಧವೆಂದು ಹೇಳುತ್ತದೆ. ಜಾಗ ಕಳೆದುಕೊಂಡು ದೂರುದಾರರಾಗಿದ್ದವರು ಒಂದೇ ಗಳಿಗೆಯಲ್ಲಿ ಆರೋಪಿಯಾಗುತ್ತಾರೆ.

ಬೇರೆ ದೇಶಗಳಲ್ಲಿ

ಮಕ್ಕಳು ಅಮೆರಿಕದಲ್ಲಿರುವ ಕುಟುಂಬಗಳಿಗೆ ಅಲ್ಲಿನ ಪದ್ಧತಿ ಗೊತ್ತಿರುತ್ತದೆ. ಅಲ್ಲಿಗೆ ಹೋದವರು "ಅಪಾರ್ಟ್‌ಮೆಂಟಿನವರೇ ಕಾರು ಎತ್ತಿಸಿಬಿಟ್ಟರು" ಎಂದು ಹೇಳುವುದುಂಟು. ನಿಜ. ಕ್ಯಾಲಿಫೋರ್ನಿಯ ರಾಜ್ಯದ ಕಾನೂನು ಖಾಸಗಿ ಜಾಗದ ಒಡೆಯರಿಗೆ ಆ ಅವಕಾಶ ಕೊಟ್ಟಿದೆ. ಆದರೆ ಅದಕ್ಕೆ ಷರತ್ತುಗಳಿವೆ. ಮುನ್ನೆಚ್ಚರಿಕೆ ಕೊಡದೆ ಎತ್ತಿಸಬೇಕಾದರೆ ಪ್ರವೇಶದ್ವಾರಗಳಲ್ಲಿ ಕನಿಷ್ಠ 17 ಅಂಗುಲ ಅಗಲ 22 ಅಂಗುಲ ಉದ್ದದ ಫಲಕ ಹಾಕಿರಬೇಕು, ಅದರ ಮೇಲೆ ಪೊಲೀಸರ ಫೋನ್ ನಂಬರ್ ಇರಬೇಕು.

ಇಂಗ್ಲೆಂಡಿನಲ್ಲಿ ಇದಕ್ಕೆ ತದ್ವಿರುದ್ಧ. ಖಾಸಗಿ ಜಾಗದಲ್ಲಿ ನಿಂತ ಕಾರುಗಳಿಗೆ ಬೀಗ ಹಾಕಿ ಹಣ ಕೀಳುವ ದಂಧೆ ಬೆಳೆದುದರಿಂದ ಪಾರ್ಲಿಮೆಂಟು 2012ರಲ್ಲಿ ಕಾಯಿದೆ ಮಾಡಿತು. ಆ ವರ್ಷದ ಅಕ್ಟೋಬರ್ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕಾನೂನಿನ ಅಧಿಕಾರವಿಲ್ಲದೆ ಖಾಸಗಿ ಜಾಗದಲ್ಲಿ ಬೀಗ ಹಾಕುವುದು, ಎಳೆದೊಯ್ಯುವುದು ಅಪರಾಧ. ನಮ್ಮ ಬೆಂಗಳೂರಿನಲ್ಲಿಯೂ ಗಾಡಿ ಎತ್ತುವ ರೀತಿಯ ಬಗ್ಗೆ ದೂರುಗಳು ಹೆಚ್ಚಿದ್ದರಿಂದ 2022ರ ಫೆಬ್ರುವರಿಯಲ್ಲಿ ಟೋಯಿಂಗ್ ನಿಲ್ಲಿಸಲಾಗಿತ್ತು. ಅದು ಪೊಲೀಸರ ಉಸ್ತುವಾರಿಯಲ್ಲಿ, ಸಾರ್ವಜನಿಕ ರಸ್ತೆಯಲ್ಲಿ ನಡೆಯುತ್ತಿದ್ದ ಕೆಲಸ. ಪೊಲೀಸರು ಜೊತೆಗಿದ್ದಾಗಲೇ ಇಷ್ಟು ಮನಸ್ತಾಪವಾದರೆ, ನೆರೆಯವರು ನೆರೆಯವರ ಗಾಡಿಗೆ ಸರಪಳಿ ಕಟ್ಟಿದರೆ ಏನಾದೀತು?

ಆ ಜಾಗ ಯಾರದು?

ಅನೇಕ ಜಗಳಗಳ ಬೇರು ಇಲ್ಲಿದೆ. "ಬಿಲ್ಡರ್‌ಗೆ ದುಡ್ಡು ಕೊಟ್ಟು ತಗೊಂಡೀನಿ" ಎಂದು ಒಬ್ಬರು, "ಅದು ಎಲ್ಲಾರ್ದು" ಎಂದು ಇನ್ನೊಬ್ಬರು. ಮುಂಬಯಿಯ ದಹಿಸರದ ಪಾಂಚಾಲಿ ಸಹಕಾರಿ ಗೃಹ ಸೊಸಾಯಟಿಯ ಮೊಕದ್ದಮೆ ಈ ಪ್ರಶ್ನೆಯ ಮೇಲೆಯೇ ಸುಪ್ರೀಂ ಕೋರ್ಟಿನ ತನಕ ಹೋಯಿತು. ಆ ಕಟ್ಟಡದಲ್ಲಿ 56 ಫ್ಲಾಟುಗಳು, ಕಂಬಗಳ ಕೆಳಗೆ 25 ಗಾಡಿ ನಿಲ್ಲುವ ಜಾಗಗಳು. ಆ 25 ಜಾಗ ತನ್ನದು, ಬೇಕಾದವರಿಗೆ ಮಾರುವೆ ಎಂದು ಬಿಲ್ಡರ್ ವಾದ. 2010ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. 1963ರ ಮಹಾರಾಷ್ಟ್ರ ಫ್ಲಾಟು ಒಡೆತನ ಕಾಯಿದೆಯ ಪ್ರಕಾರ ಕಂಬದ ಕೆಳಗಿನ ಜಾಗ ಪ್ರತ್ಯೇಕ ಫ್ಲಾಟ್ ಆಗುವುದಿಲ್ಲ, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವಂತಿಲ್ಲ ಎಂದು ತೀರ್ಪು ಬಂತು.

ಮುಂದೆ 2016ರ ರಿಯಲ್ ಎಸ್ಟೇಟ್ ಕಾಯಿದೆ, ಅಂದರೆ ಎಲ್ಲರೂ 'ರೇರಾ' ಎನ್ನುವ ಕಾಯಿದೆ, ಬಯಲಿನ ಪಾರ್ಕಿಂಗ್ ಜಾಗವನ್ನು ಎಲ್ಲರಿಗೂ ಸೇರಿದ ಜಾಗಗಳ ಪಟ್ಟಿಯಲ್ಲಿ ಸೇರಿಸಿತು. ಛಾವಣಿ, ಮೂರು ಕಡೆ ಗೋಡೆ ಇರುವ ಗ್ಯಾರೇಜಿನ ಮಾತು ಬೇರೆ. ಆದ್ದರಿಂದ ಮನೆ ಕೊಂಡವರು ಒಮ್ಮೆ ಖರೀದಿ ಪತ್ರ ತೆಗೆದು ಪಾರ್ಕಿಂಗ್ ಬಗ್ಗೆ ಏನು ಬರೆದಿದೆ ಎಂದು ಓದುವುದು ಒಳ್ಳೆಯದು. ಬಾಯಿಮಾತಿನಲ್ಲಿ ಕೊಟ್ಟದ್ದು, ಚೀಟಿಯಲ್ಲಿ ಬರೆದದ್ದು ಜಗಳದ ದಿನ ನಿಲ್ಲುವುದಿಲ್ಲ.

ಹಾಗಾದರೆ ಇರುವ ಜಾಗವನ್ನು ಹಂಚುವವರು ಯಾರು? ಮಹಾರಾಷ್ಟ್ರದ ಸಹಕಾರಿ ಗೃಹ ಸೊಸಾಯಟಿಗಳ ಮಾದರಿ ಉಪವಿಧಿಗಳು ಆ ಹೊಣೆಯನ್ನು ಸೊಸಾಯಟಿಗೇ ಕೊಟ್ಟಿವೆ. ಗಾಡಿಗಳು ಹೆಚ್ಚು, ಜಾಗ ಕಡಿಮೆ ಇದ್ದರೆ ವರ್ಷಕ್ಕೊಮ್ಮೆ ಚೀಟಿ ಎತ್ತಿ ಹಂಚಬೇಕು. ಒಬ್ಬರೇ ಎರಡು ಮೂರು ಜಾಗ ಹಿಡಿದುಕೊಂಡು, ಇನ್ನೊಬ್ಬರು ರಸ್ತೆಯಲ್ಲಿ ನಿಲ್ಲಿಸುವ ಪರಿಸ್ಥಿತಿ ಬರಬಾರದೆಂಬುದೇ ಇದರ ಉದ್ದೇಶ. ತಕರಾರು ಬಂದರೆ 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯಿದೆಯ 91ನೆಯ ಕಲಂ ಪ್ರಕಾರ ಸಹಕಾರಿ ನ್ಯಾಯಾಲಯಕ್ಕೆ ಹೋಗಬಹುದು. ಗಡಿಯಾಚೆ ಕಲಬುರಗಿ, ವಿಜಯಪುರದ ಕಡೆಯ ನಮ್ಮ ಓದುಗರ ಅಪಾರ್ಟ್‌ಮೆಂಟುಗಳು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ಕೆಳಗೆ ನೋಂದಣಿಯಾಗಿದ್ದರೆ, ಅವರು ಆ ಪತ್ರಗಳನ್ನೂ ತಮ್ಮ ಸಂಘದ ಉಪವಿಧಿಗಳನ್ನೂ ನೋಡಬೇಕು.

ದಾರಿ ಕಟ್ಟಿದಾಗ

ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಲ್ಲಿಸಿದರೆ ಬೇಸರ. ಬಾಗಿಲಿಗೆ, ಗೇಟಿಗೆ, ಕಟ್ಟಡದ ಸುತ್ತಲಿನ ದಾರಿಗೆ ಅಡ್ಡ ನಿಲ್ಲಿಸಿದರೆ ಅದು ಜೀವದ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ಮೇಲಿನ ಮಹಡಿಯ ಅಜ್ಜಿಗೆ ಎದೆನೋವು ಬಂದು 108ಕ್ಕೆ ಫೋನ್ ಮಾಡಿದಾಗ ಆಂಬ್ಯುಲೆನ್ಸ್ ಒಳಗೆ ಬರಬೇಕು. ಸ್ಟ್ರೆಚರ್ ಲಿಫ್ಟಿನ ಬಾಗಿಲ ತನಕ ಹೋಗಬೇಕು.

ಬೆಂಕಿಯ ಮಾತೂ ಹೀಗೆಯೇ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡಗಳ ಸುತ್ತ ಅಗ್ನಿಶಾಮಕ ವಾಹನ ಓಡಾಡಲು 6 ಮೀಟರ್ ಅಗಲದ ಗಟ್ಟಿ ನೆಲ ಅಡೆತಡೆಯಿಲ್ಲದೆ ಇರಬೇಕು. ನಕ್ಷೆಯಲ್ಲಿ ಅದು ಇರುತ್ತದೆ, ಸಂಜೆ ಏಳರ ನಂತರ ಅದೇ ಜಾಗದಲ್ಲಿ ಕಾರುಗಳ ಸಾಲು ನಿಂತಿರುತ್ತದೆ. ಬೆಂಕಿ ದೂರದ ಊರಿನ ಸುದ್ದಿಯಲ್ಲ. 2025ರ ಮೇ 18ರಂದು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಜವಳಿ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು, ಅಲ್ಲೇ ವಾಸವಿದ್ದವರೂ ಸೇರಿ ಎಂಟು ಜನ ತೀರಿಕೊಂಡರು. ಗಾಡಿ ನಿಲ್ಲಿಸಿದ್ದಕ್ಕೂ ಆ ದುರಂತಕ್ಕೂ ಸಂಬಂಧವಿಲ್ಲ. ಬೆಂಕಿಯ ಹೊತ್ತಿನಲ್ಲಿ ಒಂದೊಂದು ನಿಮಿಷಕ್ಕೂ ಎಷ್ಟು ಬೆಲೆ ಎಂಬುದನ್ನು ಮಾತ್ರ ಈ ಸೀಮೆಯವರಿಗೆ ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ಸೊಸಾಯಟಿಯ ಸಭೆಯಲ್ಲಿ ಎರಡು ತರದ ತಪ್ಪುಗಳನ್ನು ಬೇರೆ ಬೇರೆ ಇಡಬೇಕು. ಜಾಗ ತಪ್ಪಿ ನಿಂತ ಗಾಡಿಗೆ ಫೋನ್, ತಾಳ್ಮೆ, ಬೆಳಗಿನ ಮಾತು ಸಾಕು. ದಾರಿ ಕಟ್ಟಿದ ಗಾಡಿಯನ್ನು ಮಾಲೀಕ ಎದ್ದು ಬಂದು ಆಗಲೇ ಸರಿಸಬೇಕು. ಬರದಿದ್ದರೆ, ಅಪಾಯವಿದ್ದರೆ, 112ಕ್ಕೆ ಫೋನ್ ಮಾಡಿ ಪೊಲೀಸರನ್ನು ಕರೆಯಬೇಕು. ಪಂಚನಾಮೆಯಂತೆ ಫೋಟೋ ತೆಗೆದಿಡಬೇಕು.

ತುಕ್ಕು ಹಿಡಿದು ನಿಂತ ಗಾಡಿ

ಅನೇಕ ಅಪಾರ್ಟ್‌ಮೆಂಟುಗಳ ಮೂಲೆಯಲ್ಲಿ ಟೈರು ಕುಸಿದ, ಧೂಳು ಮುಚ್ಚಿದ ಒಂದು ಕಾರು ನಿಂತಿರುತ್ತದೆ. ಮಾಲೀಕರು ತೀರಿಕೊಂಡಿರುತ್ತಾರೆ, ಇಲ್ಲವೇ ಮಕ್ಕಳು ದೂರದ ಊರಿಗೆ ಹೋಗಿರುತ್ತಾರೆ, ಇಲ್ಲವೇ ಬಾಡಿಗೆದಾರರು ಬಿಟ್ಟುಹೋಗಿರುತ್ತಾರೆ. "ಭಂಗಾರ್‌ದವರಿಗೆ ಕೊಟ್ಟುಬಿಡೋಣ" ಎಂದು ಯಾರೋ ಹೇಳುತ್ತಾರೆ. ಹಾಗೆ ಮಾಡಬಾರದು. ಅದು ಕೆಟ್ಟು ನಿಂತಿದ್ದರೂ ಇನ್ನೊಬ್ಬರ ಸ್ವತ್ತು. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರದು.

ಕ್ರಮ ಹೀಗಿರಲಿ. ಆರ್‌ಸಿಯಲ್ಲಿರುವ ವಿಳಾಸ ಸೊಸಾಯಟಿಯ ದಫ್ತರದಲ್ಲಿದ್ದರೆ ಆ ವಿಳಾಸಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆದು ಗಡುವು ಕೊಡಬೇಕು. ಗಾಡಿಯ ಮೇಲೂ ಒಂದು ಪ್ರತಿ ಅಂಟಿಸಿ ಫೋಟೋ ತೆಗೆಯಬೇಕು. ಉತ್ತರ ಬರದಿದ್ದರೆ ಸ್ಥಳೀಯ ಪೊಲೀಸ್ ಠಾಣೆಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕರಿಸಿದ ಮುದ್ರೆ ಹಾಕಿಸಿಕೊಳ್ಳಬೇಕು. ಎಲ್ಲಿಂದಲೋ ಕದ್ದು ತಂದ ಗಾಡಿಯೂ ಇರಬಹುದಲ್ಲವೇ? ಪೊಲೀಸರಿಗೆ ತಿಳಿಸುವುದು ಸೊಸಾಯಟಿಯ ರಕ್ಷಣೆಗೂ ಬೇಕು.

ಇನ್ನು ನಮ್ಮದೇ ಮನೆಯ ಹಳೆಯ ಗಾಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ನವೀಕರಿಸಬೇಕು. ಓಡಿಸುವುದಿಲ್ಲ ಎಂದಾದರೆ ನೋಂದಾಯಿತ ಗುಜರಿ ಕೇಂದ್ರಕ್ಕೆ ಕಾಗದಪತ್ರ ಸಮೇತ ಕೊಟ್ಟು ಸರ್ಟಿಫಿಕೇಟ್ ಪಡೆಯಬಹುದು. ಅಪ್ಪನ ನೆನಪೆಂದು ಇಟ್ಟುಕೊಂಡ ಗಾಡಿ ಪಕ್ಕದ ಮನೆಯವರಿಗೆ ಹತ್ತು ವರ್ಷ ಅಡ್ಡಿಯಾದರೆ ಅದು ಅಪ್ಪನಿಗೆ ಗೌರವವಾಗುವುದಿಲ್ಲ.

ನಿಲ್ಲಿಸಿದ ಕಾರು ಕಾಣದಿದ್ದರೆ

ಬೆಳಿಗ್ಗೆ ಎದ್ದು ಕೆಳಗೆ ಬಂದಾಗ ಕಾರು ಇಲ್ಲ. ಎದೆ ಧಸಕ್ಕೆನ್ನುವುದು ಸಹಜ. ಗಾಬರಿಯಾಗದೆ ಒಂದೊಂದಾಗಿ ನೋಡೋಣ.

ಮೊದಲು ವಾಚ್‌ಮನ್, ನಂತರ ಸೆಕ್ರೆಟರಿ. ಕ್ಯಾಮೆರಾ ಇದ್ದರೆ ಆ ದೃಶ್ಯ ತೆಗೆಸಿ ನೋಡಿ. ಗಾಡಿ ರಸ್ತೆಯಲ್ಲಿ ನಿಂತಿತ್ತಾದರೆ ಸಂಚಾರ ಪೊಲೀಸರು ಒಯ್ದಿರುವ ಸಾಧ್ಯತೆ ಉಂಟು. ಸೊಲ್ಲಾಪುರ ನಗರಕ್ಕೆ ಪೊಲೀಸ್ ಆಯುಕ್ತರ ಕಚೇರಿ ಇದೆ. ಅಕ್ಕಲಕೋಟ ಸೊಲ್ಲಾಪುರ ಗ್ರಾಮೀಣ ಪೊಲೀಸರ ಕೆಳಗೆ ಬರುತ್ತದೆ. ಎಲ್ಲಿ ವಿಚಾರಿಸಬೇಕೆಂದು ತಿಳಿಯದಿದ್ದರೆ 112ಕ್ಕೆ ಕರೆ ಮಾಡಿ.

ಪೊಲೀಸರು ಒಯ್ದಿದ್ದರೆ ಕಾಗದಪತ್ರ ತೋರಿಸಿ, ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಮೂಲ ಪ್ರತಿಗಳು ಊರಲ್ಲಿ ಉಳಿದಿದ್ದರೆ ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಆರ್‌ಸಿ, ಲೈಸೆನ್ಸ್ ತೋರಿಸಬಹುದು. 2018ರಿಂದ ಅವಕ್ಕೂ ಕಾನೂನಿನ ಮಾನ್ಯತೆ ಇದೆ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಗಾಡಿ ಚಾಲೂ ಮಾಡುವ ಮುಂಚೆ ನಾಲ್ಕೂ ಕಡೆ ಸುತ್ತಿ ನೋಡಿ, ಹೊಸ ಪೆಟ್ಟು ಕಂಡರೆ ಅಲ್ಲೇ ಫೋಟೋ ತೆಗೆದು ಲಿಖಿತವಾಗಿ ತಿಳಿಸಿ. ಮನೆಗೆ ತಂದ ಮೇಲೆ ಹೇಳಿದರೆ ಪೆಟ್ಟು ಎಲ್ಲಿ ಬಿತ್ತೆಂದು ಸಾಬೀತು ಮಾಡುವುದು ಕಷ್ಟ.

ಯಾರೂ ಒಯ್ದಿಲ್ಲವೆಂದರೆ ಅದು ಕಳ್ಳತನ. ತಡಮಾಡದೆ ದೂರು ಕೊಡಬೇಕು, ವಿಮಾ ಕಂಪನಿಗೂ ಆ ದಿನವೇ ತಿಳಿಸಬೇಕು. "ಅದು ನಮ್ಮ ಹದ್ದಿಗೆ ಬರೂದಿಲ್ಲ" ಎಂಬ ಉತ್ತರ ಕೇಳಿ ಹಿಂತಿರುಗಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಸೊಲ್ಲಾಪುರದಲ್ಲಿ ಹೋದ ಗಾಡಿಗೆ ಅಕ್ಕಲಕೋಟದ ಠಾಣೆಯಲ್ಲೂ ದೂರು ಬರೆಸಬಹುದು. ಅಲ್ಲಿಂದ ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತದೆ.

ವಿಮೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಕಾರಿನ ಸಾಮಾನ್ಯ ಪ್ಯಾಕೇಜ್ ಪಾಲಿಸಿಯಲ್ಲಿ ಗಾಡಿ ಎಳೆದೊಯ್ಯುವ ಖರ್ಚಿಗೆ 1,500 ರೂಪಾಯಿ ತನಕ ಇರುವುದು ಅಪಘಾತವಾಗಿ ಓಡದಂತಾದ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಒಯ್ಯಲು. ತಪ್ಪು ಜಾಗದಲ್ಲಿ ನಿಲ್ಲಿಸಿ ಎತ್ತಿಸಿಕೊಂಡ ಖರ್ಚು ಅದರಲ್ಲಿ ಬರುವುದಿಲ್ಲ.

ಅಕ್ಕಲಕೋಟದ ಬೀದಿ, ನಮ್ಮ ದೇವಾಲಯದ ಬೀದಿ

ಗೇಟಿನ ಹೊರಗಿನ ಕಥೆ ತಿಳಿಯಬೇಕಾದರೆ ಅಕ್ಕಲಕೋಟಕ್ಕೆ ಹೋಗಬೇಕು. ಸ್ವಾಮಿ ಸಮರ್ಥರ ವಟವೃಕ್ಷ ಮಂದಿರಕ್ಕೆ ಗುರುವಾರಗಳಂದು, ಗುರುಪೂರ್ಣಿಮೆಯಂದು ಮಹಾರಾಷ್ಟ್ರ, ಕರ್ನಾಟಕದ ಮೂಲೆ ಮೂಲೆಗಳಿಂದ ಭಕ್ತರು ಬರುತ್ತಾರೆ. ಹಳೆಯ ಸಂಸ್ಥಾನದ ಊರು, ಬೀದಿಗಳು ಕಿರಿದು. ಅಂಥ ದಿನ ಹೊರಗಿನವರ ಕಾರು ಮನೆಯೊಂದರ ಬಾಗಿಲಿಗೆ ಅಡ್ಡ ನಿಂತರೆ, ಒಳಗಿನವರಿಗೆ ಮಗುವನ್ನು ಡಾಕ್ಟರ ಬಳಿಗೆ ಒಯ್ಯಲೂ ದಾರಿಯಿಲ್ಲ. ಇದು ಸಾರ್ವಜನಿಕ ಬೀದಿ, ಇಲ್ಲಿ ಪೊಲೀಸರಿಗೆ ಅಧಿಕಾರವಿದೆ. ಆದರೂ ಪೊಲೀಸರು ಬರುವ ತನಕ ಆ ಮನೆಯವರು ಕಾಯಬೇಕು.

ಇದನ್ನು ಓದಿ "ಅವರು ಹಾಗೆ" ಎನ್ನುವ ಮೊದಲು ನಮ್ಮ ಭಾನುವಾರಗಳನ್ನೂ ನೆನೆಯೋಣ. ಬಲಿಪೂಜೆಯ ಗಂಟೆ ಹೊಡೆಯುತ್ತಿರುವಾಗ ಓಡಿ ಬಂದು ದೇವಾಲಯದ ಎದುರು ಮನೆಯ ಗೇಟಿಗೆ ಗಾಡಿ ಹಚ್ಚಿ ಒಳಗೆ ಹೋಗುವವರು ನಮ್ಮಲ್ಲಿಲ್ಲವೇ? ಕ್ರಿಸ್ಮಸ್ ರಾತ್ರಿ, ಶುಭ ಶುಕ್ರವಾರ ಆ ಬೀದಿಯ ಜನ ಎಷ್ಟು ಸಹಿಸಿಕೊಳ್ಳುತ್ತಾರೆ! ಅವರು ಬೇರೆ ಧರ್ಮದವರಿರಬಹುದು, ಆ ದಿನ ಅವರ ಮನೆಯಲ್ಲೂ ರೋಗಿಯಿರಬಹುದು. ನೆರೆಯವರನ್ನು ಪ್ರೀತಿಸಬೇಕೆಂಬ ಮಾತನ್ನು ಒಳಗೆ ಕುಳಿತು ಕೇಳುವಾಗ ಹೊರಗೆ ನಮ್ಮ ಗಾಡಿ ಆ ನೆರೆಯವರ ಬಾಗಿಲಿಗೆ ಅಡ್ಡ ನಿಂತಿರಬಾರದು. ಪ್ರತಿ ಧರ್ಮಕೇಂದ್ರದಲ್ಲೂ ಇಬ್ಬರು ಯುವಕರು ಪೂಜೆಗೆ ಅರ್ಧ ಗಂಟೆ ಮುಂಚೆ ಬೀದಿಯಲ್ಲಿ ನಿಂತು ಗಾಡಿಗಳಿಗೆ ಜಾಗ ತೋರಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ನೀಗುತ್ತದೆ.

ಮುಂದಿನ ಸಭೆಗೆ ಐದು ಮಾತು

ಅಪಾರ್ಟ್‌ಮೆಂಟಿನಲ್ಲಿರುವ ಕುಟುಂಬಗಳು ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಐದು ಮಾತುಗಳನ್ನು ಇಡಬಹುದು.

ಒಂದು, ಪ್ರತಿ ಗಾಡಿಯ ಮುಂದಿನ ಗಾಜಿನ ಒಳಗೆ ಮನೆ ನಂಬರ್ ಮತ್ತು ಒಂದು ಫೋನ್ ನಂಬರ್ ಇರಲಿ. ಅತಿಥಿಗಳಿಗೆ ವಾಚ್‌ಮನ್ ಬಳಿ ಒಂದು ರಟ್ಟಿನ ಚೀಟಿ ಸಿಗಲಿ. ಅದರಲ್ಲಿ ಯಾರ ಮನೆಗೆ ಬಂದವರು ಎಂದು ಬರೆದಿರಲಿ.

ಎರಡು, ಹೊರಗಿನಿಂದ ಬಂದವರಿಗೆಂದು ಒಂದೆರಡು ಜಾಗ ಬೇರೆ ಇಡಿ. ಹಬ್ಬ, ಮದುವೆ, ನಾಮಕರಣಗಳಿಗೆ ಮೊದಲೇ ತಿಳಿಸಿದವರಿಗೆ ಅದು ಸಿಗಲಿ.

ಮೂರು, ಊರಿಗೆ ಹೋಗುವವರು ತಮ್ಮ ಜಾಗವನ್ನು ಬೇರೆಯವರು ಬಳಸಬಹುದೇ, ಯಾವ ದಿನ ತನಕ ಎಂದು ವಾಚ್‌ಮನ್‌ನ ಪುಸ್ತಕದಲ್ಲಿ ಬರೆದು ಹೋಗಲಿ. ಪಾಳಿ ಬದಲಾದರೂ ಪುಸ್ತಕ ಬದಲಾಗುವುದಿಲ್ಲ.

ನಾಲ್ಕು, ಆಂಬ್ಯುಲೆನ್ಸ್, ಅಗ್ನಿಶಾಮಕ ವಾಹನದ ದಾರಿಗೆ ಹಳದಿ ಬಣ್ಣ ಹಚ್ಚಿಸಿ. ಅಲ್ಲಿ ಚೇರ್ಮನ್ ಗಾಡಿಯೂ ನಿಲ್ಲಬಾರದು.

ಐದು, ನಿಯಮ ಮುರಿದವರಿಗೆ ಏನು ಕ್ರಮ ಎಂಬುದನ್ನು ಉಪವಿಧಿಗಳ ಮಿತಿಯೊಳಗೆ, ಸಭೆಯ ಠರಾವಿನ ಮೂಲಕ ಮೊದಲೇ ಬರೆದಿಡಿ. ಮೊದಲು ಫೋನ್, ಆಮೇಲೆ ಲಿಖಿತ ಎಚ್ಚರಿಕೆ, ನಂತರ ದಂಡ. ಸಿಟ್ಟು ಬಂದ ರಾತ್ರಿ ಮಾಡಿದ ನಿಯಮ ನ್ಯಾಯವಾಗಿರುವುದಿಲ್ಲ.

ಇದರಲ್ಲಿ ಯಾವುದಕ್ಕೂ ಹೆಚ್ಚು ಖರ್ಚಿಲ್ಲ. ಒಂದು ಡಬ್ಬಿ ಬಣ್ಣ, ಒಂದು ಪುಸ್ತಕ, ಒಂದಿಷ್ಟು ರಟ್ಟು. ಗೇಟಿನ ಹೊರಗೆ ಗಾಡಿ ಎತ್ತುವ ಅಧಿಕಾರವನ್ನು ಕಾನೂನು ಪೊಲೀಸರಿಗೆ ಕೊಟ್ಟಿದೆ. ಗೇಟಿನ ಒಳಗೆ ಆ ಅಧಿಕಾರ ನಮಗಾರಿಗೂ ಇಲ್ಲ. ಅಲ್ಲಿ ನಡೆಯುವುದು ಒಬ್ಬರ ಮಾತಿಗೆ ಇನ್ನೊಬ್ಬರು ಕೊಡುವ ಬೆಲೆ. ಅದಕ್ಕಾಗಿಯೇ ನೆರೆಯವರ ಫೋನ್ ನಂಬರ್ ನಮ್ಮಲ್ಲಿರಬೇಕು, ನಮ್ಮದು ಅವರಲ್ಲಿರಬೇಕು. ನಿಮ್ಮ ಮಹಡಿಯ ಎಲ್ಲ ಮನೆಗಳ ನಂಬರೂ ನಿಮ್ಮಲ್ಲಿವೆಯೇ? ಇಲ್ಲದಿದ್ದರೆ ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಹೋಗಿ ಕೇಳಿ ಬರೆದುಕೊಳ್ಳಿ. ಚಹಾ ಕುಡಿದು ಹೋಗಿ ಎಂದರೆ ಬೇಡವೆನ್ನಬೇಡಿ.